ಸಮುದ್ರದ ಆಳ ಯಾಕೆ ಕಷ್ಟ ಅಂತ ಮಕ್ಕಳಿಗೆ ತೋರಿಸೋದು ಹೇಗೆ?

ಮಂಡ್ಯದಲ್ಲಿ ಮನೆಪಾಠ ಹೇಳುತ್ತೇನೆ. "ಮಿಸ್, ಚಂದ್ರನ ಮೇಲೇ ಓಡಾಡಿ ಬಂದಿದ್ದಾರೆ, ಸಮುದ್ರದ ತಳ ಯಾಕೆ ಪೂರ್ತಿ ನೋಡಿಲ್ಲ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಸುಮ್ನೆ ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಮಾಡಿ ತೋರಿಸಿ.

ಎರಡು ಲೀಟರಿನ ಕೂಲ್‌ಡ್ರಿಂಕ್ಸ್ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು ಮಾಡಿ. ಮೊಳೆ ಕಾಯಿಸಿ ಚುಚ್ಚಿದರೆ ನೀಟಾಗಿ ಬರುತ್ತದೆ, ಆದರೆ ಅದು ದೊಡ್ಡವರ ಕೆಲಸ. ಮೂರೂ ನೇರ ಸಾಲಿನಲ್ಲಿ ಬೇಡ, ತುಸು ಅಕ್ಕಪಕ್ಕ ಇರಲಿ. ಇಲ್ಲದಿದ್ದರೆ ಧಾರೆಗಳು ಒಂದರ ಮೇಲೊಂದು ಬೀಳುತ್ತವೆ. ತೂತಿಗೆ ಟೇಪ್ ಅಂಟಿಸಿ ನೀರು ತುಂಬಿ. ಮುಚ್ಚಳ ತೆಗೆದೇ ಇರಬೇಕು.

ಬಾಟಲಿಯನ್ನು ಸ್ಟೂಲಿನ ಮೇಲಿಡಿ. ಇದನ್ನು ಮರೆಯಬೇಡಿ. ನೆಲದ ಮೇಲಿಟ್ಟರೆ ಕೆಳಗಿನ ಧಾರೆ ಮುಂದೆ ಹೋಗುವಷ್ಟರಲ್ಲೇ ನೆಲ ಮುಟ್ಟುತ್ತದೆ, ನಡುವಿನದೇ ದೂರ ಬಿದ್ದು ಪಾಠ ಉಲ್ಟಾ ಆಗುತ್ತದೆ. ಎತ್ತರದಲ್ಲಿಟ್ಟು ಟೇಪ್ ಒಟ್ಟಿಗೆ ಕಿತ್ತರೆ ಕೆಳಗಿನದೇ ಎಲ್ಲಕ್ಕಿಂತ ದೂರ ಚಿಮ್ಮುತ್ತದೆ. ಆಳ ಹೆಚ್ಚಿದಷ್ಟೂ ಒತ್ತಡ ಜಾಸ್ತಿ, ಕಣ್ಣಿಗೇ ಕಾಣುತ್ತದೆ ಅಲ್ವಾ?

ಆಮೇಲೆ ಲೆಕ್ಕ. ನೀರಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ, ನಮ್ಮ ಮೇಲೆ ಗಾಳಿ ಒತ್ತುವಷ್ಟೇ ಒತ್ತಡ ಇನ್ನೊಂದು ಸಲ ಸೇರುತ್ತದೆ. ಕನ್ನಂಬಾಡಿ ಕಟ್ಟೆ ತುಂಬಿದರೆ 124.80 ಅಡಿ. ಇದನ್ನು ನಮ್ಮೂರ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ! ಅಂದರೆ ಸುಮಾರು 38 ಮೀಟರ್, ತಳದಲ್ಲಿ ನೀರಿನದೇ ಒತ್ತಡ ಗಾಳಿಯದ್ದರ ಹತ್ತಿರ ಹತ್ತಿರ ನಾಲ್ಕು ಪಟ್ಟು. ಸಮುದ್ರದಲ್ಲೇ ಎಲ್ಲಕ್ಕಿಂತ ಆಳದ ಗುಂಡಿ, ಪೆಸಿಫಿಕ್‌ನ ಚಾಲೆಂಜರ್ ಡೀಪ್, ಸುಮಾರು 10,900 ಮೀಟರ್. ಅಲ್ಲಿ ಸಾವಿರ ಪಟ್ಟಿಗೂ ಜಾಸ್ತಿ. ಬಾಹ್ಯಾಕಾಶದಲ್ಲಿ ನೌಕೆಯ ಗೋಡೆ ತಡೆಯಬೇಕಾದ್ದು ಒಳಗಿನ ಒಂದು ಪಟ್ಟು ಗಾಳಿಯನ್ನಷ್ಟೇ. 1960ರಲ್ಲಿ ಪಿಕಾರ್ಡ್ ಮತ್ತು ವಾಲ್ಷ್ ಅನ್ನೋ ಇಬ್ಬರು ಚಾಲೆಂಜರ್ ಡೀಪ್‌ಗೆ ಇಳಿದರು. ಮತ್ತೆ ಮನುಷ್ಯರು ಅಲ್ಲಿಗೆ ಹೋಗಿದ್ದು 2012ರಲ್ಲಿ. ನಮ್ಮವರು ಕಟ್ಟುತ್ತಿರುವ ಆಳಸಮುದ್ರದ ನೌಕೆ ಮತ್ಸ್ಯ 6000ಕ್ಕೆ 6,000 ಮೀಟರ್ ಗುರಿ, ಮೂವರು ಕೂರುವ ಟೈಟಾನಿಯಂ ಗೋಳ.

"ಹಂಗಾದ್ರೆ ರೋಬೋ ಕಳಿಸಿ ಮಿಸ್" ಅಂತಾರೆ. ಕಳಿಸಬಹುದು, ಕಳಿಸುತ್ತಲೂ ಇದ್ದಾರೆ. ಆದರೆ ಮಂಗಳದಿಂದ ಫೋಟೋ ತರುವ ರೇಡಿಯೊ ಅಲೆಗಳು ಉಪ್ಪುನೀರಲ್ಲಿ ಬೇಗ ಸತ್ತುಹೋಗುತ್ತವೆ. ಸಾವಿರ ಮೀಟರ್ ಕೆಳಗೆ ಬಿಸಿಲೂ ಇಲ್ಲ. ಹಾಗಾಗಿ ಹಡಗಿನಿಂದ ಸದ್ದು ಕಳಿಸಿ, ತಳಕ್ಕೆ ಬಡಿದು ವಾಪಸ್ ಬರುವ ಹೊತ್ತು ಅಳೆಯುತ್ತಾ, ಪಟ್ಟಿ ಪಟ್ಟಿಯಾಗಿ ನಕ್ಷೆ ಮಾಡಬೇಕು. ಹಾಗೆ ಸರಿಯಾಗಿ ಅಳೆದಿರುವುದು ಸಮುದ್ರ ತಳದ ಕಾಲು ಭಾಗದ ಆಸುಪಾಸು ಮಾತ್ರ.

ಕೊನೆಗೆ ಮನೆಗೆಲಸ ಕೊಡಿ: ಸದ್ದು ಸಮುದ್ರದಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ. 3,000 ಮೀಟರ್ ಆಳಕ್ಕೆ ಹೋಗಿ ಬರಲು ಎಷ್ಟು ಹೊತ್ತು? ಅರ್ಧ ಮಕ್ಕಳು ಎರಡು ಸೆಕೆಂಡ್ ಅಂತ ಬರೆದುಕೊಂಡು ಬರುತ್ತಾರೆ, ವಾಪಸ್ ಬರೋದನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ.