ಮಾಡೆಲ್ ಸ್ಟೀಮ್ ಇಂಜಿನ್ ಬಗ್ಗೆ ಬರೆಯುವವರಿಗೆ: ಪ್ರತಿ ಅಳತೆ ಎಲ್ಲಿಂದ ಬಂತು ಹೇಳಿ

ಮಾಡೆಲ್ ಇಂಜಿನ್ ಕಟ್ಟುವ ಲೇಖನವನ್ನು ಯಾರೂ ಸುಮ್ನೆ ಓದಿ ಮಡಚಿಡುವುದಿಲ್ಲ. ಪತ್ರಿಕೆಯನ್ನು ಲೇತ್ (ಲೋಹವನ್ನು ತಿರುಗಿಸಿ ಕೆತ್ತುವ ಯಂತ್ರ) ಪಕ್ಕದಲ್ಲಿಟ್ಟುಕೊಂಡು, ನೀವು ಕೊಟ್ಟ ಅಳತೆ ನಂಬಿ ಲೋಹ ಕೊರೆಯುತ್ತಾರೆ. ಒಂದು ಅಂಕಿ ತಪ್ಪಿದರೆ ಅವರ ದುಡ್ಡೂ ಹೋಯಿತು, ವಾರಗಟ್ಟಲೆ ಮಾಡಿದ ಕೆಲಸವೂ ಹೋಯಿತು.

ಮೊದಲು ಯಾವ ಇಂಜಿನ್, ಯಾವ ಕಾಲದ್ದು ಅಂತ ಗಟ್ಟಿ ಮಾಡಿಕೊಳ್ಳಿ. ನಮ್ಮ ಮೀಟರ್ ಗೇಜ್‌ನ (ಹಳಿಗಳ ನಡುವೆ 1 ಮೀಟರ್ ಅಂತರ) ವೈಪಿ ಎಂಬ ಸ್ಟೀಮ್ ರೈಲು ಇಂಜಿನ್ನನ್ನೇ ತಗೊಳ್ಳಿ. ಬರೀ 'ವೈಪಿ' ಅಂದರೆ ಸಾಲದು. ಈ ಕ್ಲಾಸಿನ ಇಂಜಿನ್‌ಗಳನ್ನು ಒಂದಕ್ಕಿಂತ ಜಾಸ್ತಿ ಕಾರ್ಖಾನೆಗಳು ಕಟ್ಟಿವೆ, ಆಮೇಲೆ ಶೆಡ್ಡಿನಲ್ಲಿ ರಿಪೇರಿ ಆಗುತ್ತಾ ಸಣ್ಣಪುಟ್ಟ ಭಾಗಗಳು ಬದಲಾಗಿವೆ. ಇಂಜಿನ್ ನಂಬರ್ ಹೇಳಿ, ವರ್ಷ ಹೇಳಿ, ಆ ಕಾಲದ ಫೋಟೋನೇ ಹಾಕಿ.

ಸ್ಕೇಲ್ ವಿಷಯ ಮೊದಲ ಕಂತಿನಲ್ಲೇ ಮುಗಿಸಿ. ಮಾಡೆಲ್ ಓಡುವ 5 ಇಂಚು ಗೇಜ್ ಹಳಿ ಅಂದರೆ 127 ಮಿ.ಮೀ. ವೈಪಿಯನ್ನು ಎಂಟನೇ ಒಂದು ಪಾಲಿಗೆ ಇಳಿಸಿದರೆ ಗೇಜ್ ಬರುವುದು 125 ಮಿ.ಮೀ. ಉಳಿದ 2 ಮಿ.ಮೀ. ಎಲ್ಲಿ ಹೊಂದಿಸಿದಿರಿ, ಫ್ರೇಮ್ ಅಗಲ ಮಾಡಿದಿರಾ, ಚಕ್ರಗಳನ್ನು ಮಾತ್ರ ಹೊರಗೆ ಸರಿಸಿದಿರಾ? ಇದನ್ನು ಹೇಳದಿದ್ದರೆ ಮುಂದಿನ ಕಂತುಗಳ ಅಡ್ಡ ಅಳತೆಗಳೆಲ್ಲ ಗೊಂದಲ.

ಇನ್ನು ಮುಖ್ಯ ವಿಷಯ. ಪ್ರತಿ ಅಳತೆಯ ಪಕ್ಕದಲ್ಲೂ ಅದರ ಮೂಲ ಬರೆಯಿರಿ: ಕಾರ್ಖಾನೆ ಡ್ರಾಯಿಂಗಿನದಾ, ನೀವೇ ಟೇಪು ಹಿಡಿದದ್ದಾ, ಫೋಟೋದಿಂದ ಲೆಕ್ಕ ಹಾಕಿದ್ದಾ, ಅಂದಾಜಾ. ಯಾಕೆ ಅಂದರೆ, ವೈಪಿಯ ದೊಡ್ಡ ಚಕ್ರದ ವ್ಯಾಸ ಡ್ರಾಯಿಂಗಿನಲ್ಲಿ 4 ಅಡಿ 6 ಇಂಚು, ಅಂದರೆ 1372 ಮಿ.ಮೀ. ಅದು ಚಕ್ರದ ಸುತ್ತ ಕೂರಿಸುವ ಹೊಸ ಉಕ್ಕಿನ ಟೈರಿನ ಲೆಕ್ಕ. ಓಡಿ ಓಡಿ ಸವೆದು, ಲೇತಿಗೆ ಹಾಕಿ ಮತ್ತೆ ಮತ್ತೆ ತಿರುವಿಸಿಕೊಂಡು, ಕೊನೆಗೆ ಮ್ಯೂಸಿಯಂ ಸೇರಿದ ಇಂಜಿನ್ನಿನ ಚಕ್ರ ಅಷ್ಟಿರುವುದಿಲ್ಲ. 40 ಮಿ.ಮೀ. ಸವೆದಿದ್ದರೆ ನಿಮ್ಮ ಮಾಡೆಲಿನಲ್ಲಿ 5 ಮಿ.ಮೀ. ಕಡಿಮೆ, ಕಣ್ಣಿಗೆ ಹೊಡೆದು ಕಾಣುತ್ತೆ. ಎರಡೂ ನಿಜವಾದ ಅಳತೆಗಳೇ ಅಲ್ವಾ, ಆದರೆ ಯಾವುದು ಅಂತ ಹೇಳಬೇಕಾದವರು ನೀವು. 'ಇದು ನನ್ನ ಅಂದಾಜು' ಅಂತ ಬರೆಯಲು ಸಂಕೋಚ ಬೇಡ, ಅಂಥ ಬರಹವನ್ನೇ ನಾನು ಹೆಚ್ಚು ನಂಬುತ್ತೇನೆ.

ಕೆಲವು ಭಾಗಗಳನ್ನು ಸ್ಕೇಲಿಗೆ ಇಳಿಸಲು ಆಗುವುದೇ ಇಲ್ಲ. ನೀರು ತೋರಿಸುವ ಗಾಜಿನ ಕೊಳವೆ ತೀರಾ ಸಣ್ಣದಾದರೆ ನೀರು ಗೋಡೆಗೆ ಅಂಟಿಕೊಂಡು ಮಟ್ಟ ತಪ್ಪು ತೋರಿಸುತ್ತದೆ, ಹಾಗಾಗಿ ದಪ್ಪ ಕೊಳವೆಯೇ ಬೇಕು. ಎಲ್ಲಿ ಸ್ಕೇಲ್ ಬಿಟ್ಟಿರಿ, ಯಾಕೆ ಬಿಟ್ಟಿರಿ, ಬರೆಯಿರಿ. ಬಾಯ್ಲರ್ ವಿಷಯದಲ್ಲಂತೂ ತಾಮ್ರದ ತಗಡಿನ ದಪ್ಪ, ಬೆಸುಗೆಯ ಬಗೆ, ಕೆಲಸದ ಒತ್ತಡ ಮೂರೂ ಇರಲೇಬೇಕು. ಬ್ರಿಟನ್‌ನ ಕ್ಲಬ್ಬುಗಳಲ್ಲಿ ಹೊಸ ಬಾಯ್ಲರನ್ನು ಮೊದಲು ನೀರು ತುಂಬಿಸಿ ಕೆಲಸದ ಒತ್ತಡದ 2 ಪಟ್ಟಿಗೆ ಪರೀಕ್ಷೆ ಮಾಡುತ್ತಾರೆ. ನಿಮ್ಮದು ಪರೀಕ್ಷೆ ಆಗುವ ತನಕ ಆ ಕಂತನ್ನು ಕಳಿಸಬೇಡಿ.

ಕಟ್ಟಿದ ಕ್ರಮದಲ್ಲೇ ಬರೆಯಿರಿ: ಫ್ರೇಮ್, ಆಕ್ಸಲ್‌ಬಾಕ್ಸ್ (ಆಕ್ಸಲ್ ತಿರುಗುವ ಬೇರಿಂಗಿನ ಗೂಡು), ಚಕ್ರ, ಸಿಲಿಂಡರ್, ವಾಲ್ವ್ ಗೇರ್ (ಸಿಲಿಂಡರಿಗೆ ಹಬೆ ಬಿಡುವ ವಾಲ್ವನ್ನು ಆಡಿಸುವ ಕೊಂಡಿಗಳು), ಬಾಯ್ಲರ್. 1898ರಲ್ಲಿ ಶುರುವಾದ ಇಂಗ್ಲೆಂಡಿನ 'ಮಾಡೆಲ್ ಇಂಜಿನಿಯರ್' ಪತ್ರಿಕೆಯಲ್ಲಿ ಎಲ್‌ಬಿಎಸ್‌ಸಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು ಮನೆಯಲ್ಲಿ ಸಣ್ಣ ಲೇತ್ ಇಟ್ಟುಕೊಂಡವರಿಗಾಗಿ ಕಂತು ಕಂತಾಗಿ ಹೀಗೇ ಹೇಳಿಕೊಟ್ಟರು. ಕಾಸ್ಟಿಂಗನ್ನು (ಎರಕ ಹೊಯ್ದ ಭಾಗ) ಲೇತಿನ ಹಿಡಿಯಾದ ಚಕ್ಕಿನಲ್ಲಿ ಹೇಗೆ ಹಿಡಿಯಬೇಕು, ಮೊದಲು ಯಾವ ಮುಖ ತಿರುವಬೇಕು ಎನ್ನುವುದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಹೊಸಬರು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

'ಕ್ರ್ಯಾಂಕ್‌ಗಳನ್ನು 90 ಡಿಗ್ರಿಗೆ ಕೂರಿಸಿ' ಅಂತ ಒಂದು ಸಾಲು ಬರೆದು ಮುಂದೆ ಹೋಗಬೇಡಿ. ಕ್ರ್ಯಾಂಕ್ ಅಂದರೆ ಚಕ್ರಕ್ಕೆ ರಾಡು ಸಿಕ್ಕಿಸುವ ತೋಳು, ಒಂದೇ ಆಕ್ಸಲ್ಲಿನ ಎರಡು ಬದಿಯ ತೋಳುಗಳ ನಡುವಿನ ಕೋನ ಇದು. ಬಲಗಡೆಯದು ಮುಂದಿರಬೇಕಾ ಎಡಗಡೆಯದಾ ಹೇಳಿ. ಕೋನ 89.5 ಡಿಗ್ರಿ ಆದರೂ ಎಲ್ಲ ಆಕ್ಸಲ್‌ಗಳಲ್ಲೂ ಅಷ್ಟೇ ಇದ್ದರೆ ಇಂಜಿನ್ ಓಡುತ್ತದೆ, ಒಂದರಲ್ಲಿ 90, ಇನ್ನೊಂದರಲ್ಲಿ 89.5 ಆದರೆ ಚಕ್ರ ಜೋಡಿಸುವ ರಾಡು ಬಿಗಿಯುತ್ತದೆ. ಎಲ್ಲಕ್ಕೂ ಒಂದೇ ಜಿಗ್ (ಕೋನ ತಪ್ಪದಂತೆ ಹಿಡಿದಿಡುವ ಸಾಧನ) ಬಳಸಿ ಅಂತ ಬರೆದು, ಆ ಜಿಗ್ಗಿನ ಡ್ರಾಯಿಂಗನ್ನೂ ಹಾಕಿ.

ಬರೆದಾದ ಮೇಲೆ ಕರಡನ್ನು ಗೆಳೆಯರೊಬ್ಬರ ಕೈಗೆ ಕೊಟ್ಟು ಒಂದು ಭಾಗ ಮಾಡಿಸಿ. ನೀವು ಬಾಯಿ ಬಿಡಬಾರದು. ಅವರು ಏನೇನು ಕೇಳುತ್ತಾರೋ ಅದೆಲ್ಲ ಲೇಖನಕ್ಕೆ ಸೇರಬೇಕು. ಅಚ್ಚಾದ ಮೇಲೆ ತಪ್ಪು ಸಿಕ್ಕಿದರೆ ಮುಂದಿನ ಕಂತಿನ ಮೊದಲ ಸಾಲಲ್ಲೇ ಡ್ರಾಯಿಂಗ್ ನಂಬರ್, ಹಳೇ ಅಳತೆ, ಸರಿಯಾದ ಅಳತೆ ಮೂರನ್ನೂ ಕೊಡಿ.