ಜರ್ಮನ್ ಕಲಿಯೋರಿಗೆ: ಸಂಬಂಧದ ಪದಗಳು ನೆನಪಲ್ಲಿ ಉಳಿಯೋಕೆ

ಫ್ಯಾಮಿಲಿ ಪದಗಳನ್ನ ಬರೀ ಮುಟರ್ (ತಾಯಿ), ಫಾಟರ್ (ತಂದೆ) ಅಂತ ಉರು ಹೊಡೀಬೇಡಿ, ಶುರುವಿಂದ್ಲೇ ಮೈನೆ ಮುಟರ್ (ನನ್ನ ತಾಯಿ), ಮೈನ್ ಫಾಟರ್ (ನನ್ನ ತಂದೆ) ಅಂತ ಸೇರಿಸಿ ಹೇಳ್ಕೊಳ್ಳಿ, ಆಗ ಯಾವ್ದು ಡೀ (ಸ್ತ್ರೀಲಿಂಗ) ಯಾವ್ದು ಡೇರ್ (ಪುಲ್ಲಿಂಗ) ಅನ್ನೋದು ತಾನಾಗೇ ಬಾಯಿಗೆ ಬರುತ್ತೆ (ಕಿಂಡ್ ಅಂದ್ರೆ ಮಗು, ಅದು ಮಾತ್ರ ನಪುಂಸಕಲಿಂಗದ ದಾಸ್, ಆದ್ರೂ ಮೈನ್ ಕಿಂಡ್ ಅಂತಾನೇ). ಮುಟರ್ ಗೊತ್ತಿದ್ರೆ ಗ್ರೋಸ್‌ಮುಟರ್ ಅಜ್ಜಿ, ಶ್ವೀಗರ್‌ಮುಟರ್ ಗಂಡನ ಅಥವಾ ಹೆಂಡತಿಯ ತಾಯಿ, ಒಂದ್ರಿಂದ ಮೂರು ಸಿಕ್ತು. ಭಾವ, ಮೈದುನನಿಗೆ ಮಾತ್ರ ಬೇರೆ ಪದ, ಶ್ವಾಗರ್. ಅಣ್ಣ ತಮ್ಮ ಇಬ್ರೂ ಬ್ರೂಡರ್, ಬೇಕಿದ್ರೆ ಮುಂದೆ ಗ್ರೋಸರ್ (ದೊಡ್ಡ), ಕ್ಲೈನರ್ (ಚಿಕ್ಕ) ಹಾಕಿ. ನನ್ ಪ್ರಕಾರ ಬೆಸ್ಟ್ ಅಂದ್ರೆ ಫೋನಲ್ಲಿರೋ ಫ್ಯಾಮಿಲಿ ಫೋಟೋ ತೆಗೆದು ಒಬ್ಬೊಬ್ರ ಮೇಲೂ ಬೆರಳಿಟ್ಟು ದಾಸ್ ಇಸ್ಟ್ ಮೈನೆ ಶ್ವೆಸ್ಟರ್ (ಇವಳು ನನ್ನ ಅಕ್ಕ ಅಥವಾ ತಂಗಿ) ಅಂತ ಜೋರಾಗಿ ಹೇಳೋದು, ದಿನಾ ಮಾಡಿ ನೋಡಿ.