ಗೇಟಿಗೆ ನೇತು ಹಾಕಿದ ಕವರ್

ಚಿಕ್ಕಮಗಳೂರಿನ ನಮ್ಮ ಬೀದಿಗೆ ಕಸದ ಗಾಡಿ ಬರುವುದು ಬೆಳಿಗ್ಗೆ ಏಳೂಕಾಲಿಗೆ. ಆ ಹೊತ್ತಿಗೆ ಒಲೆ ಮೇಲೆ ದೋಸೆ ಇರುತ್ತದೆ, ಮಗನ ಒಂದು ಸಾಕ್ಸ್ ಸಿಕ್ಕಿರುವುದಿಲ್ಲ. ಗಾಡಿಯ ಹಾಡು ಕೇಳಿ ನಾನು ಗೇಟಿಗೆ ಓಡುವಷ್ಟರಲ್ಲಿ ಅದು ತಿರುವು ದಾಟಿರುತ್ತಿತ್ತು. ಅದಕ್ಕೇ ನಾನೊಂದು ಸುಲಭದ ಉಪಾಯ ಮಾಡಿಕೊಂಡಿದ್ದೆ. ರಾತ್ರಿ ಮಲಗುವ ಮುಂಚೆ ಎಲ್ಲ ಕಸವನ್ನೂ ಒಂದೇ ಕವರಿಗೆ ತುಂಬಿ, ಗಂಟು ಹಾಕಿ, ಗೇಟಿಗೆ ನೇತು ಹಾಕುವುದು.

ಎರಡು ದಿನಕ್ಕೊಮ್ಮೆಯಾದರೂ ನಾಯಿಗಳು ಅದನ್ನು ಎಳೆದು ಹರಿಯುತ್ತಿದ್ದವು. ಗೊಣಗಿಕೊಂಡು ಗುಡಿಸುತ್ತಿದ್ದೆ, ಅಷ್ಟೆ. ಒಂದು ದಿನ ಮಾತ್ರ ಗೇಟಿನಿಂದಲೇ ಕೂಗು ಬಂತು. ಹೋಗಿ ನೋಡಿದರೆ ಗಾಡಿಯ ಜೊತೆ ಬರುವ ಹೆಂಗಸು ಅಂಗೈ ಒತ್ತಿ ಹಿಡಿದುಕೊಂಡು ನಿಂತಿದ್ದರು. ಹಿಂದಿನ ದಿನ ಒಡೆದ ಗಾಜಿನ ಲೋಟವನ್ನು ಸಾರಿನ ಚರಟ, ತರಕಾರಿ ಸಿಪ್ಪೆ ಜೊತೆಗೇ ಹಾಕಿದ್ದೆ. ಅರಿಶಿನ ತಂದು ಕೊಟ್ಟೆ. ಅವರು ಬೈಯಲಿಲ್ಲ. "ಹಿಂಗ್ ಕಟ್ಟಿಟ್ರೆ ಒಳಗೇನಿದೆ ಅಂತ ನಮಗೆ ಹೆಂಗ್ ಗೊತ್ತಾಗ್ಬೇಕು ಅಕ್ಕಾ?" ಅಂದರು. ಬೈದಿದ್ದರೇ ವಾಸಿಯಿತ್ತು.

ನಿಯಮ ನನಗೆ ಗೊತ್ತಿರಲಿಲ್ಲ ಅಂತೇನಿಲ್ಲ. ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಅಂತ ಮೂರು ಭಾಗ ಮಾಡಿ, ಕಸ ತೆಗೆದುಕೊಳ್ಳಲು ಬರುವವರ ಕೈಗೇ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು. ರಸ್ತೆಗೆ, ಚರಂಡಿಗೆ ಹಾಕುವಂತಿಲ್ಲ, ಸುಡುವಂತಿಲ್ಲ. ಗೇಟಿಗೆ ನೇತು ಹಾಕುವುದೆಂದರೆ ಒಂಥರಾ ರಸ್ತೆಗೇ ಹಾಕಿದ ಹಾಗೆ. ನಾಯಿಗೆ ಅದು ಚೆನ್ನಾಗಿ ಗೊತ್ತಿತ್ತು.

ಮೊದಲು ಸರಿಮಾಡಿಕೊಂಡಿದ್ದು ಹೊತ್ತನ್ನು. ನಮ್ಮ ಅತ್ತೆ ದಿನಾ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂರುತ್ತಾರೆ. ಹಾಡು ಮೂಲೆ ಮನೆ ಹತ್ತಿರ ಬಂದ ಕೂಡಲೇ "ಬಂತು ಕಣೇ" ಅಂತ ಕೂಗುವುದು ಅವರ ಕೆಲಸವಾಯಿತು. ಬಕೆಟ್ಟುಗಳನ್ನು ಆರೂವರೆಗೇ ಗೇಟಿನ ಒಳಗೆ ತಂದಿಡುತ್ತೇನೆ. ಮಂಗಗಳ ಕಾಟಕ್ಕೆ ಮುಚ್ಚಳದ ಮೇಲೊಂದು ಕಲ್ಲು.

ಹಸಿ ಕಸಕ್ಕೆ ಈಗ ಕವರ್ ಇಲ್ಲ. ಬಕೆಟ್ಟಿನ ತಳಕ್ಕೆ ಹಳೇ ಪೇಪರ್, ಅದರ ಮೇಲೆ ಕಸ. ಸಾರು, ಮಜ್ಜಿಗೆಯನ್ನು ಸಿಂಕಿನಲ್ಲೇ ಜಾಲರಿಯಲ್ಲಿ ಸೋಸಿ, ಗಟ್ಟಿಯದ್ದನ್ನಷ್ಟೇ ಹಾಕುತ್ತೇನೆ. ವಾಸನೆ ಅರ್ಧಕ್ಕರ್ಧ ಕಡಿಮೆಯಾಗಿದ್ದು ಇದರಿಂದಲೇ. ಒಣ ಕಸ ದಿನಾ ಕೊಡುವುದಿಲ್ಲ, ತೊಳೆದು ಒಣಗಿಸಿ ಚೀಲ ತುಂಬಿದಾಗ ಕೊಡುತ್ತೇನೆ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ, ಒಂಚೂರು ಅಂಟಿಕೊಂಡಿರಲು ಬಿಡುತ್ತೇನೆ. ಆ ಚಿಕ್ಕ ತುಂಡೇ ಕೈಗೆ ಸಿಗದೆ ಹಸಿ ಕಸಕ್ಕೆ ಸೇರಿಕೊಳ್ಳುವುದು. ಮಳೆಗಾಲದಲ್ಲಿ ಪ್ಯಾಕೆಟ್ ಒಣಗುವುದೇ ಇಲ್ಲ. ಒಲೆ ಹಿಂದಿನ ಗೋಡೆಗೆ ದಾರ ಕಟ್ಟಿ ಕ್ಲಿಪ್ ಹಾಕುತ್ತೇನೆ. ಬಂದವರು ನೋಡಿ ನಗುತ್ತಾರೆ, ನಗಲಿ.

ಪ್ಯಾಡ್, ಡೈಪರ್ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಬೇರೆಯಾಗಿ ಕೊಡುತ್ತೇನೆ. ಒಡೆದ ಗಾಜು ರಟ್ಟಿನ ಡಬ್ಬಿಗೆ, ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 'ಗಾಜು'. ಕೊಡುವಾಗ ಬಾಯಲ್ಲೂ ಹೇಳುತ್ತೇನೆ. ಬಲ್ಬು, ಸೆಲ್, ಅವಧಿ ಮೀರಿದ ಮಾತ್ರೆಗಳಿಗೆ ಇನ್ನೊಂದು ಡಬ್ಬಿ. ಅದು ತುಂಬಲು ತಿಂಗಳುಗಳೇ ಬೇಕು.

ಹಿತ್ತಲಲ್ಲಿ ಗೊಬ್ಬರ ಮಾಡಲು ಹೋಗಿ ಮೊದಲ ಮಳೆಗಾಲದಲ್ಲಿ ಸೋತೆ. ಡ್ರಮ್ಮಿಗೆ ನೀರಿಳಿದು ಹುಳ ಬಿತ್ತು, ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಆಮೇಲೆ ಡ್ರಮ್ ಅನ್ನು ಶೀಟಿನ ಕೆಳಗೆ ಸರಿಸಿದೆ. ಪರಿಚಯದವರ ತೋಟದಿಂದ ಒಂದು ಮೂಟೆ ಕಾಫಿ ಹೊಟ್ಟು ತಂದು, ಪ್ರತಿ ಸಲ ಸಿಪ್ಪೆ ಹಾಕಿದ ಮೇಲೆ ಒಂದು ಬೊಗಸೆ ಉದುರಿಸಿದೆ. ಹೊಟ್ಟು ನೀರು ಹೀರುತ್ತದೆ, ಗಾಳಿಯೂ ಆಡುತ್ತದೆ. ಈಗ ಹಣ್ಣು, ತರಕಾರಿ ಸಿಪ್ಪೆಯೆಲ್ಲ ಅಲ್ಲಿಗೇ. ಹಲಸಿನ ಹಣ್ಣು ಕೊಯ್ದ ದಿನ ಮಾತ್ರ ಡ್ರಮ್ಮೂ ಸಾಲದು, ಬಕೆಟ್ಟೂ ಸಾಲದು.

ಮಗನ ಉಪನಯನಕ್ಕೆ ಇನ್ನೂರು ಜನ ಆಗುತ್ತಾರೆ ಅಂತಿತ್ತು. ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಜಾಸ್ತಿ ಜನ ಸೇರುವುದಾದರೆ ಕನಿಷ್ಠ ಮೂರು ಕೆಲಸದ ದಿನ ಮೊದಲೇ ತಿಳಿಸಬೇಕೆಂದು ಅದೇ 2016ರ ನಿಯಮದಲ್ಲಿತ್ತು. ನಗರಸಭೆಗೆ ಹೋಗಿ ಬರೆದುಕೊಟ್ಟು ಬಂದೆವು. ಬಾಳೆಲೆ ಊಟ, ಸ್ಟೀಲ್ ಲೋಟ. ಎಂಜಲೆಲೆಗಳು ಹಸಿ ಕಸದ ಜೊತೆಗೇ ಹೋದವು.

ಹೋದ ವಾರ ಬಕೆಟ್ ಬಗ್ಗಿಸಿದಾಗ ಗಾಡಿಯೊಳಗೆ ಠಣ್ ಅಂತ ಸದ್ದಾಯಿತು. ಅದೇ ಹೆಂಗಸು ಕೋಲಿನಲ್ಲಿ ಕೆದಕಿ ನಮ್ಮ ಒಗ್ಗರಣೆ ಸೌಟು ಎತ್ತಿ ಕೊಟ್ಟರು. "ಕವರಲ್ಲಿ ಕಟ್ಟಿದ್ದಿದ್ರೆ ಇದು ಇಂದಾವರದ ಕಸದ ರಾಶಿ ಸೇರ್ತಿತ್ತು ನೋಡಕ್ಕಾ" ಅಂದರು. ಅತ್ತೆ ಜಗಲಿಯಿಂದಲೇ, "ಎರಡು ದಿನದಿಂದ ಅದನ್ನೇ ಹುಡುಕ್ತಾ ಇದ್ದೆ" ಅಂದರು.